ಸ್ಟೆಪ್ನಿ

ನಮ್ಮ ಕಡೆ ಲಾರಿಯಿರಲಿ, ಜೀಪಿರಲಿ, ಕಾರಿರಲಿ, ಬೆನ್ನಿಗೋ ಹೊಟ್ಟೆಯಡಿಗೋ ಕಟ್ಟಿಕೊಂಡು ತಿರುಗುವ ಬದಲಿ ಚಕ್ರಕ್ಕೆ ಸ್ಟೆಪ್ನಿ ಎಂದೇ ಹೆಸರು. ಅದು ಎಲ್ಲ ಇಂಗ್ಲಿಷರಿಗೂ ಗೊತ್ತಿರುವ ಪದವೆಂದು ನಾನು ಬಹಳ ಕಾಲ ನಂಬಿದ್ದೆ. ಇಂಗ್ಲೆಂಡಿನ ಸಸೆಕ್ಸ್‌ಗೆ ಬಂದ ಹೊಸದರಲ್ಲಿ, ಆಗಿನ ನನ್ನ ಹಳೆಯ ಕಾರು ಪಂಕ್ಚರ್ ಆಗಿ, ಒಂದು ಗ್ಯಾರೇಜಿಗೆ ಹೋಗಿ ‘ಸ್ಟೆಪ್ನಿಯಲ್ಲೇ ಬಂದಿದ್ದೇನೆ’ ಎಂದು ಹೇಳಿದೆ. ಆತ ನನ್ನನ್ನು ಕನಿಕರದಿಂದ ನೋಡಿದ. ಲಂಡನ್ನಿನ ಪೂರ್ವಭಾಗದ ಸ್ಟೆಪ್ನಿ ಬಡಾವಣೆಯಿಂದ ಅಷ್ಟು ದೂರ ಪಂಕ್ಚರ್ ಚಕ್ರದಲ್ಲಿ ಬಂದೆಯಾ ಎಂಬುದು ಅವನ ಮುಖದಲ್ಲಿದ್ದ ಪ್ರಶ್ನೆ.

ಪದ ಲಂಡನ್ನಿನದೂ ಅಲ್ಲ ಎಂಬುದು ಆಮೇಲೆ ತಿಳಿಯಿತು. ವೇಲ್ಸ್‌ನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಸಹೋದರರು 1904ರಲ್ಲಿ ಮಾಡಿದ ವಸ್ತು ಅದು. ಕಾರುಗಳಿಗೆ ಬದಲಿ ಚಕ್ರವೇ ಇಲ್ಲದಿದ್ದ ಕಾಲ. ಇವರು ಕಡ್ಡಿಗಳಿಲ್ಲದ, ಬಳೆಯಂಥ ಒಂದು ಉಕ್ಕಿನ ಸುತ್ತಿಗೆ ಗಾಳಿ ತುಂಬಿದ ಟೈರು ಹಾಕಿಕೊಟ್ಟರು. ಪಂಕ್ಚರ್ ಆದ ಚಕ್ರವನ್ನು ಬಿಚ್ಚದೆ ಅದರ ಮಗ್ಗುಲಿಗೇ ಇದನ್ನು ಬಿಗಿದುಕೊಂಡು ಮನೆ ಸೇರಬಹುದಿತ್ತು. ಬೀದಿಯ ಹೆಸರು ಚಕ್ರಕ್ಕೆ ಬಂತು, ಚಕ್ರ ಹಡಗು ಹತ್ತಿ ಭಾರತಕ್ಕೆ ಬಂತು. ಹುಟ್ಟಿದ ದೇಶದಲ್ಲಿ ಪದ ಸತ್ತೇಹೋಯಿತು, ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಗಟ್ಟಿಯಾಗಿ ಉಳಿಯಿತು. (ಆಡುಮಾತಿನಲ್ಲಿ ಅದಕ್ಕೆ ಸಂಸಾರ ಒಡೆಯುವ ಇನ್ನೊಂದು ಅರ್ಥವೂ ಇದೆ. ಅದನ್ನು ಕೊಟ್ಟದ್ದು ನಾವೇ, ವೇಲ್ಸ್‌ನವರಲ್ಲ.)

ಈ ಪದ ಮತ್ತೆ ನನ್ನ ತಲೆಗೆ ಹೊಕ್ಕಿದ್ದು ಕಾಕಾ ಬಂದಾಗ. ಅವರು ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ಮೀಟರ್‌ಗೇಜಿನ ಕಾಲ, ಗದಗ ಬಾಗಲಕೋಟೆಯ ದಾರಿ. ಮಗಳನ್ನು ನೋಡಲು ಲಂಡನ್ನಿಗೆ ಬಂದವರು ಹತ್ತು ದಿನ ನನ್ನ ಮನೆಯಲ್ಲಿದ್ದರು. ಅರಮನೆ, ಚರ್ಚು, ಸಮುದ್ರ ಯಾವುದನ್ನು ತೋರಿಸಿದರೂ ‘ಹೂಂ, ಚೆನ್ನಾಗಿದೆ’ ಎಂಬ ಒಂದೇ ಮಾತು. ಕೊನೆಗೆ ಶೆಫೀಲ್ಡ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ಬ್ಲೂಬೆಲ್ ರೈಲ್ವೆ ಎಂಬ ಹಳೆಯ ಉಗಿಬಂಡಿಯ ದಾರಿಯನ್ನು ಅಲ್ಲಿ ಆಸಕ್ತರೇ ಸೇರಿ ನಡೆಸುತ್ತಿದ್ದಾರೆ. ಪ್ಲಾಟ್‌ಫಾರ್ಮಿನಲ್ಲಿ ಕಲ್ಲಿದ್ದಲ ಹೊಗೆಯ ವಾಸನೆ ಮೂಗಿಗೆ ತಾಗಿದ್ದೇ ಕಾಕಾ ನನ್ನ ಕೈ ಬಿಟ್ಟು ಮುಂದೆ ನಡೆದರು. ಶೆಡ್ಡಿನ ಮೂಲೆಯಲ್ಲಿ ಉಗಿ ಇಲ್ಲದೆ ತಣ್ಣಗೆ ನಿಂತಿದ್ದ, ಆಟಿಕೆಗಿಂತ ಒಂದು ಹಿಡಿ ದೊಡ್ಡದು ಅನ್ನಿಸುವ ಪುಟ್ಟ ಎಂಜಿನ್ನಿನ ಮುಂದೆ ನಿಂತು, ಅದರ ಮೈಮೇಲೆ ಬರೆದಿದ್ದ ಹೆಸರನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ, ಗಹಗಹಿಸಿ ನಕ್ಕರು.

‘ತಮ್ಮಾ, ಎಂಜಿನ್ನಿಗೆ ಸ್ಟೆಪ್ನಿ ಎಂದು ಹೆಸರಿಡುತ್ತಾರೇನೋ!’

ಇದು ಬಡಾವಣೆಯ ಹೆಸರು, ಚಕ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಈ ಎಂಜಿನ್ ಆ ಚಕ್ರಕ್ಕಿಂತ ಇಪ್ಪತ್ತೊಂಬತ್ತು ವರ್ಷ ಹಿರಿಯದು ಎಂದು ನಾನು ವಿವರಿಸಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಸಂಬಂಧವಿಲ್ಲ ಎಂದು ಅಷ್ಟು ಖಚಿತವಾಗಿ ಹೇಳಿದ್ದು ತಪ್ಪೇನೋ ಎಂದು ಅಂದಿನಿಂದ ನನಗೆ ಅನ್ನಿಸುತ್ತಲೇ ಇದೆ.

ಸಿಲಿಂಡರ್ ಎಲ್ಲಿದೆ?

ಟ್ಯಾಂಕ್ ಎಂಜಿನ್ ಎಂದರೆ ಏನೆಂದು ಕಾಕಾಗೆ ಹೇಳಿಕೊಡಬೇಕಿರಲಿಲ್ಲ. ನೀರು ಬಾಯ್ಲರಿನ ಎರಡೂ ಮಗ್ಗುಲ ತೊಟ್ಟಿಗಳಲ್ಲಿ, ಕಲ್ಲಿದ್ದಲು ಡ್ರೈವರ್ ನಿಲ್ಲುವ ಜಾಗದ ಬೆನ್ನಿಗೆ. ಹಿಂದೆ ನೀರು, ಕಲ್ಲಿದ್ದಲು ಹೊರುವ ಟೆಂಡರ್ ಎಂಬ ಬೇರೆ ಗಾಡಿ ಇಲ್ಲದ ಕಾರಣ ಮುಂದಕ್ಕೂ ಹಿಂದಕ್ಕೂ ಒಂದೇ ಸಲೀಸಾಗಿ ಓಡುತ್ತದೆ, ಕೊನೆಯ ನಿಲ್ದಾಣದಲ್ಲಿ ಅದನ್ನು ತಿರುಗಿಸಲು ತಿರುಗುಮಣೆ ಬೇಕಿಲ್ಲ. ಹೊತ್ತ ನೀರಿನ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಬೀಳುವುದರಿಂದ ಹಳಿಯ ಮೇಲೆ ಹಿಡಿತ ಚೆನ್ನಾಗಿರುತ್ತದೆ. ಆದರೆ ದೂರ ಹೋಗುವಂತಿಲ್ಲ. ಈ ಎಂಜಿನ್ನಿನ ತೊಟ್ಟಿಗಳಲ್ಲಿ ಹಿಡಿಯುವುದು 500 ಗ್ಯಾಲನ್, ಎಂದರೆ ಸುಮಾರು 2,270 ಲೀಟರ್. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ ಟ್ಯಾಂಕರ್ ಲಾರಿಗಳೂ ಇದಕ್ಕಿಂತ ಹೆಚ್ಚು ನೀರು ಹೊರುತ್ತವೆ. ‘ಶಂಟಿಂಗಿನದು’ ಎಂದು ಕಾಕಾ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಯಾರ್ಡಿನಲ್ಲಿ ಡಬ್ಬಿಗಳನ್ನು ಆ ಕಡೆ ಈ ಕಡೆ ದೂಡುವ ಕೆಲಸ ಎಂದರ್ಥ.

ಅದಲ್ಲ ಎಂದೆ. 1870ರಲ್ಲಿ ವಿಲಿಯಂ ಸ್ಟ್ರೌಡ್ಲಿ ಬ್ರೈಟನ್ ರೈಲ್ವೆಯ ಎಂಜಿನ್ನುಗಳ ಮುಖ್ಯಸ್ಥನಾಗಿ ಬಂದ. ದಕ್ಷಿಣ ಲಂಡನ್ನಿನ ಬಡಾವಣೆಗಳಲ್ಲಿ ಜನ ಕಿಕ್ಕಿರಿಯುತ್ತಿದ್ದ ಕಾಲ ಅದು. ಹಳಿಗಳು ಸಣಕಲು, ನಿಲ್ದಾಣಗಳು ಒತ್ತೊತ್ತಾಗಿ, ಜೊತೆಗೆ ಥೇಮ್ಸ್ ನದಿಯಡಿಯ ಸುರಂಗದ ದಾರಿ ಬೇರೆ. ಎಂಜಿನಿಯರ್ ಅಪ್ಪ ಮಗ ಬ್ರೂನೆಲ್‌ಗಳು ಕುದುರೆಗಾಡಿಗಳಿಗೆಂದು ಕೊರೆದು, ಕೊನೆಗೆ 1843ರಲ್ಲಿ ನಡೆದುಹೋಗುವವರಿಗೆ ಮಾತ್ರ ತೆರೆದ ಆ ಸುರಂಗದೊಳಗೆ 1869ರಲ್ಲಿ ರೈಲು ಬಿಟ್ಟಿದ್ದರು. ಇವಕ್ಕೆಲ್ಲ ಹಗುರಾಗಿರಬೇಕು, ನಿಂತಲ್ಲಿಂದ ಥಟ್ಟನೆ ಓಟ ಹಿಡಿಯಬೇಕು. ಸ್ಟ್ರೌಡ್ಲಿ ಇಪ್ಪತ್ತೇಳೂವರೆ ಟನ್ನಿನ, ನಾಲ್ಕು ಅಡಿ ಎತ್ತರದ ಆರು ಚಕ್ರಗಳ ಎಂಜಿನ್ ಮಾಡಿದ. 1872ರಿಂದ 1880ರವರೆಗೆ ಬ್ರೈಟನ್ನಿನ ಕಾರ್ಖಾನೆಯಿಂದ ಐವತ್ತು ಹೊರಬಂದವು. ಹೊರಡುವಾಗ ಚುರುಕಾಗಿ ಬೊಗಳಿದಂತೆ ಸದ್ದು ಮಾಡುತ್ತಿದ್ದುದರಿಂದ ಟೆರಿಯರ್ ಎಂಬ ನಾಯಿ ಜಾತಿಯ ಹೆಸರು ಅಂಟಿಕೊಂಡಿತು. ಸ್ಟೆಪ್ನಿ 1875ರ ಡಿಸೆಂಬರಿನದು. ಹುಬ್ಬಳ್ಳಿಗೆ ಹಳಿ ಬರುವ ಮುಂಚಿನಿಂದಲೇ ಇದು ಲಂಡನ್ನಿನ ಗುಮಾಸ್ತರನ್ನು ಕಚೇರಿಗೆ ಹೊತ್ತು ಹಾಕುತ್ತಿತ್ತು. ಅದನ್ನು ಹೇಳಿದಾಗ ಮಾತ್ರ ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು.

ಅವರ ಚಿಂತೆ ಬೇರೆ ಇತ್ತು. ಎಂಜಿನ್ನಿನ ಸುತ್ತ ಎರಡು ಸುತ್ತು ಬಂದು, ‘ಇದರ ಸಿಲಿಂಡರ್ ಎಲ್ಲಿದೆ?’ ಎಂದರು. ಅವರು ಕಲ್ಲಿದ್ದಲು ಹಾಕಿದ ವೈಜಿ ಎಂಜಿನ್ನುಗಳಲ್ಲಿ ಉಗಿ ಪಿಸ್ಟನ್ನನ್ನು ತಳ್ಳುವ ಸಿಲಿಂಡರ್ ಹೊರಗೇ ಕಾಣುತ್ತದೆ, ಪಿಸ್ಟನ್ನಿನ ರಾಡು ಎಲ್ಲರ ಕಣ್ಣೆದುರೇ ಓಡಾಡುತ್ತದೆ. ಇಲ್ಲಿ ಚಕ್ರಗಳನ್ನು ಕೂಡಿಸುವ ಪಟ್ಟಿ ಬಿಟ್ಟರೆ ಹೊರಗೆ ಏನೂ ಇಲ್ಲ. ನಾನು ಉತ್ತರ ಹುಡುಕಿಕೊಳ್ಳುವಷ್ಟರಲ್ಲಿ ಎಪ್ಪತ್ತು ದಾಟಿದ ಆ ಮನುಷ್ಯ ನೆಲಕ್ಕೆ ಕೈಯೂರಿ ಬಗ್ಗಿ, ಚಕ್ರಗಳ ನಡುವಿನ ಕತ್ತಲೆಗೆ ಇಣುಕಿದರು. ‘ಒಳಗೆ ಇಟ್ಟಿದ್ದಾನೆ ಕಳ್ಳ!’ ಎಂದು ಒಳಗಿನಿಂದಲೇ ಧ್ವನಿ ಬಂತು. ಆಮೇಲೆ ದನಿ ಇಳಿಯಿತು. ‘ಹಾಗಾದರೆ ಎಣ್ಣೆ ಹಾಕುವವನು ದಿನಾ ಇದರೊಳಗೆ ತೂರಬೇಕು. ಸಣ್ಣ ಆಳನ್ನೇ ಇಟ್ಟುಕೊಂಡಿರಬೇಕು.’

ಅಷ್ಟರಲ್ಲಿ ಎಣ್ಣೆಬಟ್ಟೆ ಹಿಡಿದ ಸ್ವಯಂಸೇವಕರೊಬ್ಬರು ಬಂದರು. ವಯಸ್ಸಿನಲ್ಲಿ ಕಾಕಾಗಿಂತ ಹಿರಿಯರೇ ಇರಬೇಕು. ದುಭಾಷಿ ಕೆಲಸ ನನ್ನದು ಎಂದುಕೊಂಡು ಮುಂದೆ ಬಂದೆ. ಇಬ್ಬರಿಗೂ ನಾನು ಬೇಕಾಗಲಿಲ್ಲ. ಗೇಜ್ ಗ್ಲಾಸ್, ರೆಗ್ಯುಲೇಟರ್, ಫೈರ್‌ಬಾಕ್ಸ್ ಎಂಬ ಪದಗಳು ಇಬ್ಬರಿಗೂ ಸೇರಿದವು, ಉಳಿದದ್ದಕ್ಕೆ ಕೈಗಳಿದ್ದವು. ಸಲಿಕೆಯನ್ನು ಬೆಂಕಿಯ ಬಾಯಿಗೆ ನೂಕಿ ಮಣಿಕಟ್ಟು ತಿರುವಿ ಕಲ್ಲಿದ್ದಲನ್ನು ಮೂಲೆಗೆ ಎರಚುವ ಆ ಒಂದು ವರಸೆಯನ್ನು ಇಬ್ಬರೂ ಬರಿಗೈಯಲ್ಲಿ ಮಾಡಿ ತೋರಿಸಿಕೊಂಡು ನಕ್ಕರು. ನಾನು ಬಾಯಿ ಹಾಕಿದ್ದು ಒಂದೇ ಕಡೆ. ಸ್ಟ್ರೌಡ್ಲಿ ಮೊದಲು ಇವಕ್ಕೆ, ಉಗಿಯ ಬಲದಿಂದಲೇ ಬಾಯ್ಲರಿಗೆ ನೀರು ನುಗ್ಗಿಸುವ ಇಂಜೆಕ್ಟರ್ ಇಡದೆ ಪಂಪು ಇಟ್ಟಿದ್ದನಂತೆ, ಏಕೆ ಎಂದು ಕಾಕಾರನ್ನು ಕೇಳಿದೆ. ಕೆಲಸ ಮುಗಿಸಿದ ಉಗಿಯಲ್ಲಿ ಸ್ವಲ್ಪವನ್ನು ಚಿಮಣಿಗೆ ಬಿಡದೆ ನೀರಿನ ತೊಟ್ಟಿಗೆ ತಿರುಗಿಸುತ್ತಿದ್ದ, ಹಾಗಾಗಿ ಸುರಂಗದಲ್ಲಿ ಆವಿ ಕಡಿಮೆ, ನೀರೂ ಬೆಚ್ಚಗೆ ಎಂದು ಇನ್ನೂ ಹೇಳುತ್ತಿದ್ದೆ. ಕಾಕಾ ತಟ್ಟನೆ, ‘ಬಿಸಿನೀರನ್ನು ಇಂಜೆಕ್ಟರ್ ಎತ್ತುವುದಿಲ್ಲ. ಪಂಪೇ ಬೇಕು’ ಎಂದರು. ಈ ಒಂದು ವಾಕ್ಯ ಅರ್ಥವಾಗಲು ನನಗೆ ಹಿಂದಿನ ರಾತ್ರಿ ಎರಡು ಗಂಟೆ ಹಿಡಿದಿತ್ತು.

ಹಳದಿಗೆ ಹಸಿರೆಂದವನು

ಸ್ಟೆಪ್ನಿಯ ಬಣ್ಣ ನಮ್ಮ ಹೂರಣದ ಹೋಳಿಗೆಯದು. ಚೆನ್ನಾಗಿ ಬೆಂದ, ತುಪ್ಪ ಸವರಿದ ಹೋಳಿಗೆ. ಸ್ಟ್ರೌಡ್ಲಿ ಇದಕ್ಕೆ ಇಟ್ಟ ಅಧಿಕೃತ ಹೆಸರು ‘ಸುಧಾರಿತ ಎಂಜಿನ್ ಹಸಿರು’. ಅವನಿಗೆ ಬಣ್ಣಗುರುಡು ಇತ್ತೆಂದು ಕೆಲವರು ಹೇಳುತ್ತಾರೆ. ಮೇಲಧಿಕಾರಿಗಳು ಹಸಿರು ಬಣ್ಣಕ್ಕೆ ಮಾತ್ರ ಒಪ್ಪಿಗೆ ಕೊಡುತ್ತಿದ್ದರೇನೋ ಎಂಬುದು ನನ್ನ ಗುಮಾನಿ. ಸರ್ಕಾರಿ ಕಡತಗಳ ಜೊತೆ ಒಂದಿಷ್ಟು ವರ್ಷ ಏಗಿದ ಯಾರಿಗಾದರೂ ಬರುವ ಗುಮಾನಿ, ಸಾಕ್ಷಿ ಕೇಳಬೇಡಿ. ಒಂದೊಂದು ಎಂಜಿನ್ನಿಗೂ ಆ ರೈಲು ಓಡಾಡುವ ಸೀಮೆಯ ಬಡಾವಣೆ, ಹಳ್ಳಿಗಳ ಹೆಸರು: ಪಾಪ್ಲರ್, ವಾಪಿಂಗ್, ಶಾಡ್ವೆಲ್, ಫೆನ್‌ಚರ್ಚ್, ಬಾಕ್ಸ್‌ಹಿಲ್. ಮಲ್ಲೇಶ್ವರಕ್ಕೆ ಹೋಗುವ ಬಸ್ಸಿನ ಹಣೆಯ ಮೇಲೆ ದೊಡ್ಡದಾಗಿ ಬಸವನಗುಡಿ ಎಂದು ಬರೆದಂತಾಯಿತು. ಹತ್ತುವವರ ಪಾಡು ದೇವರೇ ಬಲ್ಲ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಇವುಗಳಲ್ಲೊಂದಾದ ‘ಬ್ರೈಟನ್’ ಚಿನ್ನದ ಪದಕ ಗೆದ್ದಿತು. ಹನ್ನೊಂದು ವರ್ಷಗಳ ನಂತರ ಇನ್ನೊಂದು ಪ್ರದರ್ಶನಕ್ಕೆಂದು ಹೋದ ಸ್ಟ್ರೌಡ್ಲಿ ಅದೇ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಅವನು ಮಾಡಿದ್ದರಲ್ಲಿ ನನಗೆ ಹಿಡಿಸಿದ್ದು ಬಣ್ಣವಲ್ಲ, ಇನ್ನೊಂದು ಬರಹ. ಒಂದೊಂದು ಎಂಜಿನ್ನನ್ನೂ ಒಬ್ಬೊಬ್ಬ ಡ್ರೈವರನಿಗೆ ಒಪ್ಪಿಸಿ, ಅವನ ಹೆಸರನ್ನು ಕ್ಯಾಬಿನ ಒಳಗೆ ಬಣ್ಣದಲ್ಲಿ ಬರೆಸುತ್ತಿದ್ದ. ಎಂಜಿನ್ ಕಂಪನಿಯದೇ, ಆದರೆ ಹಿತ್ತಾಳೆ ಮಂಕಾದರೆ ಅವಮಾನ ಆ ಹೆಸರಿನವನಿಗೆ. ಜಾಣತನ ಎನ್ನಬಹುದು, ಸಂಬಳ ಹೆಚ್ಚಿಸದೆ ದುಡಿಸಿಕೊಳ್ಳುವ ಉಪಾಯ ಎಂದೂ ಎನ್ನಬಹುದು. ನಾನು ಎರಡನೆಯದನ್ನೇ ಹೇಳಿದೆ. ಕಾಕಾ ಒಪ್ಪಲಿಲ್ಲ.

‘ನನ್ನ ಹೆಸರು ಎಲ್ಲಿತ್ತು ಗೊತ್ತೇ?’ ಎಂದರು. ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ರಜೆಗೆ ಅವರ ಕ್ವಾರ್ಟರ್ಸ್‌ಗೆ ಹೋದಾಗ ಅಂಗಳದಲ್ಲಿ ಮಲಗಿರುತ್ತಿದ್ದೆವು. ನಡುರಾತ್ರಿ ಒಂದು ಸೈಕಲ್ಲು ಬಂದು ಗೇಟಿನ ಮುಂದೆ ನಿಲ್ಲುತ್ತಿತ್ತು. ಶೆಡ್ಡಿನ ಕಾಲ್‌ಬಾಯ್. ಬಾಯ್ ಎಂದರೂ ನರೆತ ಮೀಸೆಯವನು. ಕಾಕು ಎದ್ದು ಲಾಟೀನು ಹಿಡಿಯುವರು, ಕಾಕಾ ಅವನು ಚಾಚಿದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ಸಹಿ ಹಾಕುವರು. ಎಬ್ಬಿಸಿದ್ದಕ್ಕೆ ಸಾಕ್ಷಿ ಅದು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಗೇಟಿನ ಸದ್ದು. ಆಮೇಲೆ ಎಷ್ಟೋ ಹೊತ್ತಿಗೆ ಯಾರ್ಡಿನ ಕಡೆಯಿಂದ ಒಂದು ಉದ್ದ ಸೀಟಿ. ಅದು ಕಾಕಾರ ಗಾಡಿಯದೇ ಎಂದು ನಾವು ಹುಡುಗರು ಖಂಡಿತವಾಗಿ ನಂಬಿ ಮತ್ತೆ ನಿದ್ದೆ ಹೋಗುತ್ತಿದ್ದೆವು. ಆ ಪುಸ್ತಕಗಳು ರದ್ದಿಗೆ ಹೋಗಿ ಎಷ್ಟು ಕಾಲವಾಯಿತೋ. ಮುಂದೆ ಕಣ್ಣಿನ ಪರೀಕ್ಷೆಯಲ್ಲಿ ಒಂದು ಸಾಲು ಓದಲಾಗದೆ ಕಾಕಾ ಎಂಜಿನ್ನಿನಿಂದ ಇಳಿದರು. ಉಳಿದ ವರ್ಷಗಳು ಸ್ಟೋರಿನಲ್ಲಿ ಹತ್ತಿಯ ತ್ಯಾಜ್ಯ, ಎಣ್ಣೆ ಡಬ್ಬಿ ಎಣಿಸುವುದರಲ್ಲಿ ಕಳೆದವು. ಯಾರಾದರೂ ರಜೆ ಹಾಕಿದರೆ ಇವರನ್ನು ಆ ಜಾಗಕ್ಕೆ ಕೂರಿಸುತ್ತಿದ್ದರು.

‘ನಾನೂ ಸ್ಟೆಪ್ನಿಯೇ ಆಗಿದ್ದೆ’ ಎಂದರು, ನಗುತ್ತಲೇ. ಅಂಗೈಯನ್ನು ಎಂಜಿನ್ನಿನ ತಣ್ಣನೆಯ ತೊಟ್ಟಿಯ ಮೇಲಿಟ್ಟುಕೊಂಡು.

ಬಿಕರಿಯಾದ ಬದುಕು

ಟೆರಿಯರ್‌ಗಳ ಸುಖದ ದಿನಗಳು ಇಪ್ಪತ್ತೈದು ವರ್ಷಕ್ಕೇ ಮುಗಿದವು. ಲಂಡನ್ನಿನ ರೈಲುಗಳು ಉದ್ದವಾದವು, ಡಬ್ಬಿಗಳು ಭಾರವಾದವು. 1909ರ ಡಿಸೆಂಬರಿನಲ್ಲಿ ದಕ್ಷಿಣ ಲಂಡನ್ನಿನ ದಾರಿಗೆ ವಿದ್ಯುತ್ ರೈಲೇ ಬಂತು. ಅಷ್ಟರಲ್ಲಾಗಲೇ ಹಲವು ಗುಜರಿಗೆ ಹೋಗಿದ್ದವು, ಹಲವು ಬಿಕರಿಯಾಗಿದ್ದವು. ಕೊಂಡವರೆಲ್ಲ ಕೈ ಬಿಗಿ ಇದ್ದವರು. ನ್ಯೂಹೇವನ್ನಿನ ಬಂದರು ಕಂಪನಿ 1898ರಲ್ಲಿ ಫೆನ್‌ಚರ್ಚನ್ನು ಕೊಂಡಿತು. ಕೆಂಟಿನ ಹೊಲಗಳ ನಡುವೆ ತೆವಳುವ ಒಂದು ಬಡ ರೈಲ್ವೆ ಪಾಪ್ಲರನ್ನು ಕೊಂಡು ಬೋಡಿಯಂ ಎಂದು ಮರುನಾಮಕರಣ ಮಾಡಿತು. ಇನ್ನು ಕೆಲವು ಸಮುದ್ರ ದಾಟಿ ವೈಟ್ ದ್ವೀಪಕ್ಕೆ ಹೋದವು. ಹಗುರವಾದ ಹಳಿ, ಜೀರ್ಣವಾದ ಕಟ್ಟೆ, ದಿನಕ್ಕೆ ನಾಲ್ಕು ರೈಲು ಇರುವ ಕಡೆಯೆಲ್ಲ ಇವೇ. ಉಳಿದವುಗಳ ಹೊಳಪಿನ ಹಳದಿ ಹೋಗಿ ಕಂದು ಬಂತು, ಬಡಾವಣೆಯ ಹೆಸರುಗಳೂ ಅಳಿಸಿಹೋದವು. 1905ರಲ್ಲಿ ಕಂಪನಿ ಹಳ್ಳಿ ದಾರಿಗಳಿಗೆಂದು ಎಂಜಿನ್ನೂ ಡಬ್ಬಿಯೂ ಒಂದೇ ಆಗಿರುವ ಉಗಿ ಮೋಟಾರು ಗಾಡಿ, ಪೆಟ್ರೋಲ್ ಗಾಡಿಗಳನ್ನು ತರಿಸಿ ಓಡಿಸಿ ನೋಡಿತು. ಅವುಗಳಿಗಿಂತ ಒಂದು ಡಬ್ಬಿ ಕಟ್ಟಿದ ಮೂವತ್ತು ವರ್ಷದ ಟೆರಿಯರ್ರೇ ವಾಸಿ ಎನ್ನಿಸಿತು. 1911ರಿಂದ ಕೆಲವಕ್ಕೆ ಹೊಸ ಬಾಯ್ಲರ್ ಸಿಕ್ಕಿತು. ಈಗಿನ ಸ್ಟೆಪ್ನಿಯಲ್ಲಿ 1875ರ ಕಬ್ಬಿಣ ಎಷ್ಟಿದೆ ಎಂಬ ಪ್ರಶ್ನೆ ಎತ್ತುವವರಿದ್ದಾರೆ. ನಮ್ಮ ಮನೆಯ ಒರಳುಕಲ್ಲಿಗೆ ನಾಲ್ಕು ಸಲ ಗುಂಡು ಬದಲಾಗಿದೆ, ಚಟ್ನಿ ಅದೇ.

ಲ್ಯಾಂಗ್‌ಸ್ಟನ್ನಿನ ಗೂಟಗಳು

ಮರುದಿನ ಕಾಕಾರೇ ಕೇಳಿದರು: ಅಷ್ಟು ಸಣ್ಣದನ್ನು ಅಷ್ಟು ವರ್ಷ ಏಕೆ ಇಟ್ಟುಕೊಂಡರು? ಉತ್ತರ ತೋರಿಸಲು ಒಂದು ಗಂಟೆ ಪಶ್ಚಿಮಕ್ಕೆ ಕಾರು ಓಡಿಸಿದೆ.

ಹಾವಂಟ್ ಎಂಬ ಊರಿನಿಂದ ಹೇಲಿಂಗ್ ದ್ವೀಪಕ್ಕೆ ನಾಲ್ಕೂವರೆ ಮೈಲಿಯ ಒಂದು ಕವಲು ದಾರಿ ಇತ್ತು. ನಡುವೆ ಲ್ಯಾಂಗ್‌ಸ್ಟನ್ ಖಾರಿ, ಅದರ ಮೇಲೆ ಉದ್ದನೆಯ ಮರದ ಸೇತುವೆ, ದೋಣಿಗಳಿಗೆ ದಾರಿ ಬಿಡಲು ನಡುವೆ ತಿರುಗುವ ಒಂದು ತುಂಡು. 1867ರಿಂದ ಅದರ ಮೇಲೆ ಜನರನ್ನು ಹೊತ್ತ ರೈಲು ಓಡಿತು. ಆದರೆ ಸೇತುವೆ ಬಲವಾಗಿರಲಿಲ್ಲ. ದೊಡ್ಡ ಎಂಜಿನ್ನುಗಳಿಗೆ ಅದರ ಮೇಲೆ ಪ್ರವೇಶವಿಲ್ಲ, ಟೆರಿಯರ್‌ಗಳಿಗೆ ಮಾತ್ರ ಇತ್ತು. ನ್ಯೂಹೇವನ್ನಿನಲ್ಲೂ ಇದೇ ಕಥೆ. ಬಂದರಿನ ಪಶ್ಚಿಮ ಕಟ್ಟೆಗೆ ಹೋಗುವ ತಿರುಗು ಸೇತುವೆ ಇವುಗಳ ಭಾರವನ್ನಷ್ಟೇ ಸಹಿಸುತ್ತಿತ್ತು. ಹೀಗಾಗಿ ದೇಶದ ರೈಲ್ವೆಗಳು ಒಂದಕ್ಕೊಂದು ಸೇರಿ, ಸರ್ಕಾರದ ಕೈಗೆ ಹೋಗಿ, ಡೀಸೆಲ್ ಬಂದು, ಟೆರಿಯರ್‌ಗಳ ಮೊಮ್ಮಕ್ಕಳ ವಯಸ್ಸಿನ ಎಂಜಿನ್ನುಗಳೂ ಗುಜರಿಗೆ ಹೋಗುತ್ತಿದ್ದಾಗ, ಬೇಸಿಗೆಯ ಶನಿವಾರಗಳಲ್ಲಿ ಬಕೆಟ್ಟು ಸಲಿಕೆ ಹಿಡಿದ ಮಕ್ಕಳನ್ನು ತುಂಬಿಕೊಂಡು ಈ ಮುದಿ ನಾಯಿಗಳು ಆ ಮರದ ಸೇತುವೆಯ ಮೇಲೆ ಬೊಗಳುತ್ತ ಹೋಗುತ್ತಿದ್ದವು. ಕಿಡಿ ಹಾರದಂತೆ ಚಿಮಣಿಗೆ ಒಂದು ವಿಕಾರವಾದ ಬುಟ್ಟಿ ಬೇರೆ ಕವುಚಿದ್ದರು.

ಸೇತುವೆಯನ್ನು ರಿಪೇರಿ ಮಾಡುವ ಖರ್ಚು ದುಬಾರಿ ಎನ್ನಿಸಿದಾಗ ದಾರಿಯನ್ನೇ ಮುಚ್ಚಿದರು. 1963ರ ನವೆಂಬರ್ 2 ಕೊನೆಯ ದಿನ. ಮರುದಿನ ವಿದಾಯದ ವಿಶೇಷ ರೈಲು. ಅದನ್ನು ಎಳೆದದ್ದು ಎರಡು ಟೆರಿಯರ್‌ಗಳು, ಎರಡೂ 1872ರವು: ಅದೇ ಫೆನ್‌ಚರ್ಚ್, ಅದೇ ಪಾಪ್ಲರ್. ಮಾರಾಟವಾಗಿ, ಬೇರೆ ಬೇರೆ ಕಡೆ ದುಡಿದು, ಮತ್ತೆ ಒಂದೇ ಕೊಟ್ಟಿಗೆ ಸೇರಿದ್ದವು. ಆಗ ಫೆನ್‌ಚರ್ಚ್‌ಗೆ ತೊಂಬತ್ತೊಂದು ವರ್ಷ, ಬ್ರಿಟಿಷ್ ರೈಲ್ವೆಯಲ್ಲಿ ಓಡುತ್ತಿದ್ದವುಗಳಲ್ಲೇ ಹಿರಿಯದು.

ನಾವು ಹೋದಾಗ ಇಳಿತದ ಹೊತ್ತು. ರೈಲು ಹೋಗುತ್ತಿದ್ದ ದಾರಿಯಲ್ಲಿ ಈಗ ಜನ ನಾಯಿ ಹಿಡಿದುಕೊಂಡು ನಡೆಯುತ್ತಾರೆ. ಸೇತುವೆಯನ್ನು 1966ರಲ್ಲಿ ಕಿತ್ತರು, ಗೂಟಗಳ ಬುಡಗಳು ಕೆಸರಿನಲ್ಲಿ ಸಾಲಾಗಿ ಉಳಿದಿವೆ. ಕಾಕಾ ದಂಡೆಯ ಕಲ್ಲಿನ ಮೇಲೆ ಕುಳಿತರು. ನಾನು ನನ್ನ ಲೆಕ್ಕಾಚಾರ ಬಿಚ್ಚಿದೆ. ಯಾರೋ ಒಬ್ಬ ಎಂಜಿನಿಯರ್ 1930ರ ಹೊತ್ತಿಗೆ ಒಂದು ಗಟ್ಟಿ ಸೇತುವೆ ಕಟ್ಟಿಬಿಟ್ಟಿದ್ದರೆ ದೊಡ್ಡ ಎಂಜಿನ್ ಬರುತ್ತಿತ್ತು, ಇವು ಕುಲುಮೆಗೆ ಹೋಗುತ್ತಿದ್ದವು. ಆಗ ಇವನ್ನು ಅಯ್ಯೋ ಎಂದು ಕೊಳ್ಳುವವರೂ ಇರಲಿಲ್ಲ. ಸೇತುವೆ ಕುಂಟುತ್ತ ಅರವತ್ತರ ದಶಕದವರೆಗೆ ಎಳೆಯಿತು. ಅಷ್ಟರಲ್ಲಿ ಜನಕ್ಕೆ ಉಗಿಬಂಡಿಯ ಮೇಲೆ ಮೋಹ ಹುಟ್ಟಿತ್ತು. 1960ರ ಮೇ 17ರಂದು ಸ್ಟೆಪ್ನಿ ಎರಡು ಡಬ್ಬಿಗಳ ಸಮೇತ ಶೆಫೀಲ್ಡ್ ಪಾರ್ಕ್‌ಗೆ ಬಂತು. ಉಳಿದವುಗಳಲ್ಲಿ ಕೆಲವನ್ನು ಬಟ್ಲಿನ್ ಎಂಬ ರಜಾ ಶಿಬಿರಗಳ ಧಣಿ ಮಕ್ಕಳು ಹತ್ತಿ ಆಡಲಿ ಎಂದು ಕೊಂಡ. ಒಂದು ಕೆನಡಾದ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಒಂದಂತೂ ಹದಿಮೂರು ವರ್ಷ ಹೇಲಿಂಗ್ ದ್ವೀಪದ ಪಬ್ಬೊಂದರ ಮುಂದೆ ಬೋರ್ಡಿನಂತೆ ನಿಂತಿತ್ತು. ಐವತ್ತರಲ್ಲಿ ಹತ್ತು ಈಗಲೂ ಇವೆ. ಅವುಗಳ ಕೆಲಸ ಕಿತ್ತುಕೊಂಡ ಭಾರಿ ಟ್ಯಾಂಕ್ ಎಂಜಿನ್ನುಗಳಲ್ಲಿ ಎಷ್ಟೋ ಜಾತಿಗಳು ಒಂದೂ ಉಳಿಯದೆ ಕರಗಿದವು.

ಕಾಕಾ ಎಲ್ಲವನ್ನೂ ಕೇಳಿ, ಗೂಟಗಳ ಕಡೆ ನೋಡುತ್ತ, ‘ಸೇತುವೆಯ ಮೇಲೆ ಎಷ್ಟು ಸ್ಪೀಡು ಹಾಕಿದ್ದರು?’ ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಪಾರ್ಕಿಂಗಿಗೆ ವಾಪಸ್ಸು ಬಂದಾಗ ಅವರಿಗೆ ಏನು ಹೊಳೆಯಿತೋ, ‘ನಿನ್ನ ಗಾಡಿಯ ಸ್ಟೆಪ್ನಿ ತೋರಿಸು’ ಎಂದರು. ಡಿಕ್ಕಿ ತೆಗೆದು ಕೆಳಗಿನ ರಟ್ಟನ್ನು ಎತ್ತಿದೆ. ಚಕ್ರ ಇರಬೇಕಾದ ಗುಂಡಿಯಲ್ಲಿ ಒಂದು ಅಂಟಿನ ಬಾಟಲಿ ಮತ್ತು ಅಂಗೈಯಗಲದ ಗಾಳಿ ಪಂಪು ಇತ್ತು. ಈಗಿನ ಕಾರುಗಳಿಗೆ ಬದಲಿ ಚಕ್ರ ಕೊಡುವುದಿಲ್ಲ ಕಾಕಾ, ಭಾರ ಉಳಿಸುತ್ತಾರೆ ಎಂದೆ. ಅವರು ಬಾಟಲಿಯನ್ನು ಎತ್ತಿ ಅಲ್ಲಾಡಿಸಿ ನೋಡಿ, ಇದ್ದಲ್ಲೇ ಇಟ್ಟು, ರಟ್ಟನ್ನು ತಾವೇ ಸರಿಯಾಗಿ ಮುಚ್ಚಿದರು.

‘ಹಾಗಾದರೆ ಸಾವಕಾಶ ಓಡಿಸು, ತಮ್ಮಾ.’